ಥರ್ಮಾಕೋಲ್ ಗೋಡೆಗೆ ಜಿಪ್ಸಂ ಬೋರ್ಡ್: ಮಟ್ಟು ಮನೆಯ ಕೆಲಸ, ಲೆಕ್ಕ ಸಮೇತ

ಬೋರ್ಡ್ ಕೆಲಸ ಒಂದು ಹಂತಕ್ಕೆ ಬಂದಿದೆ. ಹಾಲ್, ಅಡುಗೆಮನೆ, ಕೋಣೆಗಳು ಮುಗಿದಿವೆ. ಬಚ್ಚಲು ಬಾಕಿ. ಐಸಿಎಫ್ (ಥರ್ಮಾಕೋಲ್ ಅಚ್ಚಿನೊಳಗೆ ಕಾಂಕ್ರೀಟ್ ಸುರಿದ) ಗೋಡೆಯ ಒಳಬದಿಗೆ ಬೋರ್ಡ್ ಹೊಡೆಯುವುದನ್ನು ಅಮೆರಿಕ, ಕೆನಡಾದವರು ಬೇಕಾದಷ್ಟು ವಿಡಿಯೋ ಮಾಡಿ ಹಾಕಿದ್ದಾರೆ. ಆದರೆ ಅವರಿಗೆ ನಮ್ಮ ಜೂನ್-ಜುಲೈ ಗೊತ್ತಿಲ್ಲ. ದಿನಾ ನೆಲಕ್ಕೆ ನೀರು ಹಾಕಿ ಒರೆಸುವ ಅಭ್ಯಾಸವೂ ಅವರಿಗಿಲ್ಲ. ಅದಕ್ಕೇ ಇಲ್ಲಿ ಆದದ್ದನ್ನು ಬರೆದಿಡುತ್ತಿದ್ದೇನೆ.

ಗೋಡೆ ಎಂತದ್ದು

ಜಾಗ ಉಡುಪಿ ಜಿಲ್ಲೆಯ ಕಟಪಾಡಿಯಿಂದ ಪಶ್ಚಿಮಕ್ಕೆ, ಮಟ್ಟು ಕಡೆ. ಸಮುದ್ರ ಹತ್ತಿರ. ಮನೆ ಸುಮಾರು 1,100 ಚದರಡಿ, ಒಂದೇ ಮಹಡಿ, ಮೇಲೆ ಆರ್‌ಸಿಸಿ ಸ್ಲ್ಯಾಬ್. ಹೊರಗೋಡೆಗಳು ಮಾತ್ರ ಐಸಿಎಫ್. ಥರ್ಮಾಕೋಲಿನ ಟೊಳ್ಳು ಬ್ಲಾಕುಗಳನ್ನು ಜೋಡಿಸಿ, ಒಳಗೆ ಕಬ್ಬಿಣ ಕಟ್ಟಿ, ಕಾಂಕ್ರೀಟ್ ಸುರಿಯುವ ಪದ್ಧತಿ ಇದು. ಥರ್ಮಾಕೋಲನ್ನು ಆಮೇಲೆ ತೆಗೆಯುವುದಿಲ್ಲ, ಅದೂ ಗೋಡೆಯದ್ದೇ ಭಾಗ. ನಮ್ಮದರಲ್ಲಿ ಮಧ್ಯೆ 150 ಎಂಎಂ ಕಾಂಕ್ರೀಟ್, ಎರಡೂ ಬದಿ 65 ಎಂಎಂ ಥರ್ಮಾಕೋಲ್.

ಎರಡು ಬದಿಯ ಥರ್ಮಾಕೋಲನ್ನು ಹಿಡಿದಿಡಲು ಒಳಗೆ ಪ್ಲಾಸ್ಟಿಕ್ ಕಟ್ಟುಗಳು ಇರುತ್ತವೆ. ಅವುಗಳ ತುದಿಯಲ್ಲಿ 38 ಎಂಎಂ ಅಗಲದ ನಿಂತ ಪಟ್ಟಿ. ಬೋರ್ಡಿನ ಸ್ಕ್ರೂ ಹಿಡಿಯುವುದು ಈ ಪಟ್ಟಿಗೆ ಮಾತ್ರ. ಥರ್ಮಾಕೋಲಿಗೆ ಸ್ಕ್ರೂ ಹೊಡೆದರೆ ಏನೂ ಹಿಡಿಯುವುದಿಲ್ಲ, ಸುಮ್ನೆ ತಿರುಗುತ್ತದೆ. ಪಟ್ಟಿಗಳು 200 ಎಂಎಂಗೆ ಒಂದು. ಥರ್ಮಾಕೋಲಿನ ಮೇಲ್ಮೈಯಿಂದ 12 ಎಂಎಂ ಒಳಗೆ ಕೂತಿವೆ. ಎಲ್ಲಿವೆ ಅಂತ ಮೇಲೆ ಗೆರೆಯ ಗುರುತು ಉಂಟು.

ಥರ್ಮಾಕೋಲನ್ನು ಹಾಗೇ ಬಿಡುವ ಹಾಗಿಲ್ಲ. ಬೆಂಕಿ ಬಿದ್ದರೆ ಕರಗಿ ಉರಿಯುತ್ತದೆ, ದಟ್ಟ ಹೊಗೆ ಬರುತ್ತದೆ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಒಳಗಿನ ಬದಿಗೆ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಅಥವಾ ಅಷ್ಟೇ ತಡೆಯುವ ಬೇರೆ ಹೊದಿಕೆ ಕಡ್ಡಾಯ. ಜಾಲರಿ ಹಾಕಿ ಸಿಮೆಂಟ್ ಪ್ಲಾಸ್ಟರ್ ಮಾಡುವ ದಾರಿಯೂ ಇತ್ತು. ನಮ್ಮ ಮೇಸ್ತ್ರಿ ಥರ್ಮಾಕೋಲನ್ನು ಉಗುರಿನಲ್ಲಿ ಕೆರೆದು ನೋಡಿ "ಇದಕ್ಕೆ ಸಾರಣೆ ನಿಂತರೆ ನಾನು ಜವಾಬ್ದಾರಿ ಅಲ್ಲ ಸಾರ್" ಅಂದರು. ನಿಂತರೂ ಜವಾಬ್ದಾರಿ ಅಲ್ಲ ಅನ್ನುವವರ ಹತ್ತಿರ ಮಾತು ಬೆಳೆಸಿ ಪ್ರಯೋಜನ ಇಲ್ಲ. ಬೋರ್ಡ್ ಅಂತಾಯಿತು.

ಸೆಪ್ಟೆಂಬರ್: ಸ್ಟೋರ್ ರೂಮಿನ ಗೋಡೆಯಲ್ಲಿ ಪರೀಕ್ಷೆ

ಮಳೆ ಪೂರ್ತಿ ಬಿಟ್ಟಿರಲಿಲ್ಲ. ಒಂದು ಗೋಡೆ ಹೊಡೆದು ನೋಡುವ ಅಂತ ಶುರು ಮಾಡಿದೆ. ಸಾಮಾನ್ಯ 12.5 ಎಂಎಂ ಬೋರ್ಡ್, 35 ಎಂಎಂ ಕಪ್ಪು ಸ್ಕ್ರೂ, ಬೋರ್ಡುಗಳ ಸಂದಿ ಮುಚ್ಚಲು ಡಬ್ಬಿಯಲ್ಲಿ ಕಲಸಿಯೇ ಬರುವ ಜಾಯಿಂಟಿಂಗ್ ಕಾಂಪೌಂಡ್. ಮೂರೂ ಕೈಕೊಟ್ಟವು.

ಮೊದಲು ಸ್ಕ್ರೂ. ಲೆಕ್ಕ ಸುಲಭ. ಬೋರ್ಡ್ 12.5, ಪಟ್ಟಿಯ ಮುಂದಿನ ಥರ್ಮಾಕೋಲ್ 12, ಪಟ್ಟಿಯ ದಪ್ಪ 5. ಒಟ್ಟು 29.5. ಅಂದರೆ 35ರ ಸ್ಕ್ರೂ ಪಟ್ಟಿ ದಾಟುವುದು ಐದೂವರೆ ಎಂಎಂ ಮಾತ್ರ, ಅದೂ ಚೂಪು ತುದಿ. ಹಿಡಿದ ಹಾಗೆ ಕಾಣುತ್ತದೆ. ಬೋರ್ಡಿನ ಮೂಲೆ ಹಿಡಿದು ಎಳೆದರೆ ಸಡಿಲ. 41 ಎಂಎಂ ಉದ್ದದ, ದೊಡ್ಡ ಮರೆಯ (ಥ್ರೆಡ್ಡಿನ) ಸ್ಕ್ರೂ ಬೇಕು. ಉಡುಪಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ 25 ಮತ್ತು 35 ಮಾತ್ರ ಇತ್ತು. ಮಂಗಳೂರಿನ ಬಂದರಿನ ಹೋಲ್‌ಸೇಲ್ ಅಂಗಡಿಯಲ್ಲಿ 41 ಸಿಕ್ಕಿತು, ಅದೃಷ್ಟಕ್ಕೆ ಜಿಂಕ್ ಲೇಪನದ್ದೇ.

ಜಿಂಕ್ ಯಾಕೆ ಅಂದರೆ, ಕಪ್ಪು ಸ್ಕ್ರೂಗಳ ತಲೆ ಕಾಂಪೌಂಡಿನ ಅಡಿಯಲ್ಲೇ ತುಕ್ಕು ಹಿಡಿಯಿತು. ಬಿಳಿ ಗೋಡೆಯಲ್ಲಿ ಸಾಲಾಗಿ ಕಂದು ಚುಕ್ಕೆ. ಉಪ್ಪು ಗಾಳಿಯ ಊರಲ್ಲಿ ಕಪ್ಪು ಸ್ಕ್ರೂ ಬೇಡವೇ ಬೇಡ.

ಕಾಂಪೌಂಡಿನದ್ದು ಇನ್ನೂ ಕಷ್ಟ. ಡಬ್ಬಿಯದ್ದು ನೀರು ಆರಿದ ಮೇಲೆ ಗಟ್ಟಿಯಾಗುವ ಜಾತಿ. ಸೆಪ್ಟೆಂಬರಿನ ತೇವದಲ್ಲಿ ನೀರು ಆರುವುದಾದರೂ ಹೇಗೆ? ವಾರ ಕಳೆದರೂ ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಪೇಪರ್ ಟೇಪಿನ ಅಂಚಿನಲ್ಲಿ ಬೂಷ್ಟು ಬಂತು. ಎಲ್ಲ ಕಿತ್ತು ಬಿಸಾಡಿದೆ. ಆಮೇಲೆ ತಂದದ್ದು ಜಿಪ್ಸಂ ಪುಡಿಯ ಕಾಂಪೌಂಡ್. ಅದು ನೀರು ಸೇರಿದ ಮೇಲೆ ತಾನೇ ಗಟ್ಟಿಯಾಗುತ್ತದೆ, ಒಣಗಲು ಬಿಸಿಲನ್ನು ಕಾಯುವುದಿಲ್ಲ. ಒಂದೇ ತೊಂದರೆ, ಬೇಕಾದಷ್ಟೇ ಕಲಸಬೇಕು. ಫೋನ್ ಬಂತು ಅಂತ ಹೊರಗೆ ಹೋಗಿ ಬಂದರೆ ಬಕೆಟ್ಟಿನಲ್ಲಿ ಕಲ್ಲು.

ಅಕ್ಟೋಬರ್: ಗೋಡೆಗೆ ಏನೇನು ತೂಗಬೇಕು

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದು. ಬೋರ್ಡ್ ಹೊಡೆಯುವುದು ಯಾರಿಗೂ ಬರುತ್ತದೆ. ಬೋರ್ಡ್ ಹೊಡೆದ ಮೇಲೆ ಹಿಂದೆ ಏನಿದೆ ಅಂತ ಕಾಣುವುದಿಲ್ಲ, ಅದೇ ಕಷ್ಟ.

ಅಪ್ಪ ಒಂದು ಸಂಜೆ ಬಂದು ಗೋಡೆಗೆ ಗುದ್ದಿ ನೋಡಿದರು. "ಎಂತ ಮಾರಾಯ ಇದು, ಡಬ್ ಡಬ್ ಅಂತದೆ. ಮುರಕಲ್ಲು ಆಗಿದ್ದರೆ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದಿತ್ತು." ಮಾತು ಸರಿ. ಮುರಕಲ್ಲು ಅಂದರೆ ಕರಾವಳಿಯ ಕೆಂಪು ಕಲ್ಲು. ನಮ್ಮ ಕಡೆ ಮನೆ ಅಂದರೆ ಕ್ಯಾಲೆಂಡರು, ದೇವರ ಸ್ಟ್ಯಾಂಡು, ಗಡಿಯಾರ, ಕೊಡೆ ತೂಗುವ ಕೊಕ್ಕೆ. ಯಾರೂ ಮೊದಲೇ ಯೋಚಿಸಿ ಇಡುವುದಿಲ್ಲ, ಬೇಕಾದಾಗ ಮೊಳೆ ಹೊಡೆಯುತ್ತಾರೆ. ಈ ಗೋಡೆಯಲ್ಲಿ ಅದು ನಡೆಯುವುದಿಲ್ಲ.

ಹೆಂಡತಿ ಮತ್ತು ನಾನು ಒಂದೊಂದು ಕೋಣೆಯಲ್ಲಿ ನಿಂತು, ಮಾರ್ಕರಿನಲ್ಲಿ ಥರ್ಮಾಕೋಲಿನ ಮೇಲೇ ಬರೆದೆವು. ಇಲ್ಲಿ ಟಿವಿ, ಇಲ್ಲಿ ಎಸಿ, ಇಲ್ಲಿ ಅಡುಗೆಮನೆ ಮೇಲಿನ ಕಪಾಟು, ಇಲ್ಲಿ ದೇವರು. ಕಪಾಟಿನ ಬಗ್ಗೆ ಅವಳು ಹೇಳಿದ್ದು ಒಳ್ಳೆಯದಾಯಿತು. "ಎಲ್ಲಿ ಬರ್ತದೆ ಅಂತ ಈಗ ಗೊತ್ತಿಲ್ಲ. ಗೋಡೆ ಉದ್ದಕ್ಕೂ ಹಾಕಿ ಬಿಡಿ." ಹಾಗೇ ಮಾಡಿದೆವು. ಈಗ ಅಡುಗೆಮನೆಯಲ್ಲಿ ಕಪಾಟು ಎತ್ತ ಬೇಕಾದರೂ ಸರಿಸಬಹುದು.

ಹಾಕಿದ್ದು ಹೀಗೆ. ಬೇಕಾದ ಅಳತೆಗೆ ಥರ್ಮಾಕೋಲನ್ನು ಕಾಂಕ್ರೀಟಿನವರೆಗೆ ಕತ್ತರಿಸಿ ತೆಗೆಯುವುದು. ಅಲ್ಲಿ 45 ಎಂಎಂ ದಪ್ಪದ ಮರದ ರೀಪುಗಳನ್ನು ಕಾಂಕ್ರೀಟಿಗೆ ಆಂಕರ್ ಬೋಲ್ಟಿನಲ್ಲಿ ಬಿಗಿಯುವುದು. ರೀಪಿಗೆ ಮೊದಲೇ ಗೆದ್ದಲಿನ ಔಷಧಿ ಹಚ್ಚಿದ್ದೆ. ರೀಪಿನ ಮೇಲೆ 18 ಎಂಎಂ ಮರೀನ್ ಪ್ಲೈ. ಒಟ್ಟು 63. ಥರ್ಮಾಕೋಲ್ 65, ಆದ್ದರಿಂದ ಪ್ಲೈ ಎರಡು ಎಂಎಂ ಒಳಗೇ ಕೂರುತ್ತದೆ. ಅದು ಒಳ್ಳೆಯದೇ, ಉಬ್ಬಿದರೆ ಬೋರ್ಡ್ ಕೂರುವುದಿಲ್ಲ. ಸುತ್ತ ಉಳಿದ ಸಂದಿಗೆ ಪಿಯು ಫೋಮ್, ಅಂದರೆ ಕ್ಯಾನಿನಿಂದ ಹೊಡೆದರೆ ಉಬ್ಬಿ ಗಟ್ಟಿಯಾಗುವ ನೊರೆ.

ಪ್ಲೈಯನ್ನು ಕಾಂಕ್ರೀಟಿಗೆ ಕಟ್ಟದೆ ಥರ್ಮಾಕೋಲಿಗೆ ಅಂಟಿಸಿದರೆ ಸಾಕು ಅಂತ ಒಬ್ಬರು ಹೇಳಿದ್ದರು. ಸಾಲದು. ಜೊತೆಗೆ ಬಡಗಿಗಳು ಬಳಸುವ ಹಳದಿ ರಬ್ಬರ್ ಅಂಟಿನಲ್ಲಿ ಸಾಲ್ವೆಂಟ್ ಇರುತ್ತದೆ. ಅದು ಥರ್ಮಾಕೋಲನ್ನು ತಿಂದು ಹಾಕುತ್ತದೆ. ಒಂದು ತುಂಡಿಗೆ ಹಚ್ಚಿ ನೋಡಿ, ಕಣ್ಣೆದುರೇ ಗುಂಡಿ ಬೀಳುತ್ತದೆ.

ಗೀಸರ್ ಮಾತ್ರ ಬೇರೆ. 25 ಲೀಟರ್ ಅಂದರೆ ನೀರೇ 25 ಕೆಜಿ, ಮೇಲೆ ಅದರ ಸ್ವಂತ ತೂಕ. ಅದನ್ನು ಒಳಗಿನ ಇಟ್ಟಿಗೆ ಗೋಡೆಗೆ ಸಾಗಿಸಿದೆ. ಐಸಿಎಫ್ ಗೋಡೆಗೇ ಬೇಕು ಅಂದರೆ ಆಗುತ್ತದೆ, ಆದರೆ ಪ್ಲಂಬರನ್ನು ಒಪ್ಪಿಸುವುದಕ್ಕಿಂತ ಪೈಪು ಸರಿಸುವುದು ಸುಲಭ ಅನಿಸಿತು.

ವೈರಿಂಗ್ ಕಾಡಿ

ಥರ್ಮಾಕೋಲಿನಲ್ಲಿ ಕಾಡಿ (ವೈರ್ ಪೈಪು ಕೂರುವ ತೋಡು) ಕೊರೆಯುವುದು ಈ ಮನೆಯ ದೊಡ್ಡ ಸುಖ. ಮುರಕಲ್ಲಿಗೆ ಕಟ್ಟರ್ ಹಿಡಿದು ಕೆಂಪು ಧೂಳು ತಿಂದವರಿಗೆ ಗೊತ್ತಾಗುತ್ತದೆ. ಸೋಲ್ಡರಿಂಗ್ ಗನ್ನಿನ ತುದಿ ತೆಗೆದು, ದಪ್ಪ ತಾಮ್ರದ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಹಾಕಿದೆ. ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಹೊಗೆ ಮಾತ್ರ ಕೆಟ್ಟದ್ದು. ಕಿಟಕಿ ತೆರೆದು, ಇದ್ದಿಲು ಫಿಲ್ಟರಿನ ಮಾಸ್ಕ್ ಹಾಕಿಕೊಂಡೇ ಮಾಡಬೇಕು. ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ.

ವೈರ್ ಎಲ್ಲವೂ 25 ಎಂಎಂ ಪಿವಿಸಿ ಪೈಪಿನೊಳಗೆ. ಬರೀ ವೈರನ್ನು ಥರ್ಮಾಕೋಲಿಗೆ ತಾಗಿಸಬಾರದು. ವೈರಿನ ಮೆದು ಹೊದಿಕೆಯಲ್ಲಿರುವ ಎಣ್ಣೆಯಂಥ ಅಂಶ ನಿಧಾನಕ್ಕೆ ಥರ್ಮಾಕೋಲಿಗೆ ಇಳಿಯುತ್ತದೆ. ವರ್ಷಗಳ ಮೇಲೆ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಗಟ್ಟಿ ಪೈಪಿಗೆ ಆ ತೊಂದರೆ ಇಲ್ಲ.

ಸ್ವಿಚ್ಚಿನ ಜಿಐ ಬಾಕ್ಸ್ 50 ಎಂಎಂ ಆಳ. ಅದರ ಬಾಯಿ ಬೋರ್ಡಿನ ಮುಖಕ್ಕೆ ಸರಿಯಾಗಿ ಬರಬೇಕಾದರೆ ಕಾಂಕ್ರೀಟಿನಿಂದ ಸುಮಾರು 77 ಎಂಎಂ ಮುಂದೆ ಇರಬೇಕು. ಹಿಂದೆ 27 ತುಂಬಬೇಕು. 18 ಮತ್ತು 9ರ ಪ್ಲೈ ತುಂಡುಗಳನ್ನು ಸೇರಿಸಿದರೆ ಸರಿಯಾಗಿ 27. ಎಲೆಕ್ಟ್ರಿಶಿಯನ್ ಮೊದಲ ಕೋಣೆಯಲ್ಲಿ ಬಾಕ್ಸುಗಳನ್ನು ಥರ್ಮಾಕೋಲಿನ ಮಟ್ಟಕ್ಕೇ ಕೂರಿಸಿದ್ದರು. ಅವರ ತಪ್ಪಲ್ಲ, ಬೋರ್ಡಿನ ದಪ್ಪ ಅವರಿಗೆ ಯಾರೂ ಹೇಳಿರಲಿಲ್ಲ. ಕಿತ್ತು ಮತ್ತೆ ಹಾಕಿಸಿದ್ದಾಯಿತು.

ಕಾಡಿ ಮುಚ್ಚಲು ಹೊಡೆಯುವ ಪಿಯು ಫೋಮ್ ಉಬ್ಬುತ್ತದೆ. ಕಾಡಿಯ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ಗಟ್ಟಿಯಾದ ಮೇಲೆ ಗರಗಸದಲ್ಲಿ ಮಟ್ಟಕ್ಕೆ ಕೊಯ್ಯಿರಿ. ಇದನ್ನು ಬಿಟ್ಟ ಒಂದು ಜಾಗದಲ್ಲಿ ಬೋರ್ಡ್ ಹೊಟ್ಟೆ ಬಂದಿದೆ, ಈಗಲೂ ಬಾಗಿಲ ಬೆಳಕಿಗೆ ಕಾಣುತ್ತದೆ.

ನವೆಂಬರ್: ಉಬ್ಬು ತೆಗೆದದ್ದು

ಕಾಂಕ್ರೀಟ್ ಸುರಿಯುವಾಗ ಒತ್ತಡಕ್ಕೆ ಫಾರ್ಮ್ (ಥರ್ಮಾಕೋಲ್ ಬ್ಲಾಕು) ಅಲ್ಲಲ್ಲಿ ಹೊರಗೆ ಬರುತ್ತದೆ. ಮೂಲೆಯಿಂದ ಮೂಲೆಗೆ ನೂಲು ಎಳೆದು ನೋಡಿದರೆ ಹಾಲಿನ ಗೋಡೆಯಲ್ಲಿ 8 ಎಂಎಂ ಉಬ್ಬು. ಪಟ್ಟಿ 12 ಎಂಎಂ ಒಳಗೆ ಇರುವುದರಿಂದ ಅಷ್ಟು ಉಜ್ಜಿ ತೆಗೆಯಬಹುದು. ಒಂದು ಹಲಗೆಗೆ 40ರ ಉಪ್ಪು ಕಾಗದ ಅಂಟಿಸಿ ಉಜ್ಜಿದೆ.

ಥರ್ಮಾಕೋಲ್ ಕಾಳು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಊಹೆ ಇರಲಿಲ್ಲ. ಬೆವರಿದ ಕೈಗೆ, ಕೂದಲಿಗೆ, ಚಾದ ಲೋಟಕ್ಕೆ. ಮಧ್ಯಾಹ್ನದ ಸಮುದ್ರ ಗಾಳಿಗೆ ಹಾರಿ ಪಕ್ಕದ ಗುಳ್ಳದ (ಬದನೆಯ) ಗದ್ದೆಗೂ ಹೋಯಿತು. ಮಟ್ಟು ಗುಳ್ಳ ಅಂದರೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಬೆಳೆ. ಆಗಷ್ಟೇ ಗಿಡ ಏಳುತ್ತಿತ್ತು. ಗದ್ದೆಯವರು ಬಂದು "ಎಂತದು ಭಟ್ರೇ, ನಮ್ಮ ಗದ್ದೆಗೆ ಹಿಮ ಬೀಳ್ತಾ ಉಂಟಲ್ಲ" ಅಂದರು. ಅವತ್ತೇ ಬಾಗಿಲು, ಕಿಟಕಿಗೆಲ್ಲ ಹಳೆ ಸೀರೆ ಕಟ್ಟಿದೆವು. ಉಜ್ಜುವಾಗ ಪಕ್ಕದಲ್ಲಿ ಒಬ್ಬರು ವ್ಯಾಕ್ಯೂಮ್ ಹಿಡಿದು ನಿಲ್ಲಬೇಕು. ಬೇರೆ ದಾರಿ ಇಲ್ಲ.

ಉಜ್ಜಿದ ಮೇಲೆ ಪಟ್ಟಿಯ ಗುರುತು ಅಳಿಸುತ್ತದೆ! ಆದ್ದರಿಂದ ಮೊದಲೇ ಪ್ರತಿ ಪಟ್ಟಿಯ ಗೆರೆಯನ್ನು ಕೆಳಗೆ ನೆಲದ ಮೇಲೂ, ಮೇಲೆ ಸ್ಲ್ಯಾಬಿನ ಅಡಿಗೂ ಪೆನ್ಸಿಲಿನಲ್ಲಿ ಎಳೆದುಕೊಳ್ಳಿ. ಬೋರ್ಡ್ ಎತ್ತಿದ ಮೇಲೆ ಎರಡನ್ನೂ ಸೇರಿಸಿ ಚಾಕ್ ನೂಲು ಹೊಡೆದರೆ ಸ್ಕ್ರೂ ಸಾಲು ಸಿಗುತ್ತದೆ. ಜೊತೆಗೆ ಪ್ರತಿ ಗೋಡೆಯ ಫೋಟೋ, ಟೇಪ್ ಕಾಣುವ ಹಾಗೆ ಇಟ್ಟು.

ಬೋರ್ಡ್ ಏರಿಸಿದ್ದು

ತಂದದ್ದು 12.5 ಎಂಎಂನ ಹಸಿರು ಬೋರ್ಡ್, ತೇವ ತಡೆಯುವಂಥದ್ದು. 2440×1220. ಒಂದಕ್ಕೆ ಸುಮಾರು 26 ಕೆಜಿ. ಅಡ್ಡಡ್ಡ ಹೊಡೆಯಲು ಇಬ್ಬರು ಬೇಕು. ಭಾವ ಭಾನುವಾರಗಳಲ್ಲಿ ಬಂದರು, ಉಳಿದ ದಿನ ಕೂಲಿಗೆ ಒಬ್ಬ ಹುಡುಗ.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆವು. ಅಮೆರಿಕದ ವಿಡಿಯೋದಲ್ಲಿ ಪಟ್ಟಿ 8 ಇಂಚಿಗೆ, ಬೋರ್ಡ್ 8 ಅಡಿ. ಹನ್ನೆರಡು ಪಟ್ಟಿಗೆ ಸರಿಯಾಗಿ ಒಂದು ಬೋರ್ಡ್. ನಮ್ಮ ಫಾರ್ಮ್ ಮೆಟ್ರಿಕ್. ಪಟ್ಟಿ 200 ಎಂಎಂಗೆ, ಬೋರ್ಡ್ ಮಾತ್ರ 2440. ಹನ್ನೆರಡು ಪಟ್ಟಿ ಅಂದರೆ 2400. ಮೊದಲ ಬೋರ್ಡಿನ ತುದಿಯೇ ಪಟ್ಟಿ ಬಿಟ್ಟು 40 ಎಂಎಂ ಆಚೆ, ಎರಡನೆಯದು 80. ತುದಿಯ ಸ್ಕ್ರೂಗಳು ಥರ್ಮಾಕೋಲಿಗೆ ಹೋಗಿ ತಿರುಗತೊಡಗಿದವು. ಭಾವ "ಡ್ರಿಲ್ ಹಾಳಾಗಿದೆಯಾ?" ಅಂತ ಕೇಳಿದರು. ಡ್ರಿಲ್ ಸರಿ ಇತ್ತು.

ಪರಿಹಾರ ಏನಿಲ್ಲ. ಪ್ರತಿ ಬೋರ್ಡಿನಿಂದ 40 ಎಂಎಂ ಕೊಯ್ದು 2400 ಮಾಡುವುದು. ಬ್ಲೇಡಿನಲ್ಲಿ ಮುಂದಿನ ಕಾಗದಕ್ಕೆ ಗೀರಿ, ಮುರಿದು, ಹಿಂದಿನ ಕಾಗದ ಕೊಯ್ಯುವುದು. 40ರ ಸಣ್ಣ ತುಂಡು ಚೆನ್ನಾಗಿ ಮುರಿಯುವುದಿಲ್ಲ, ಅಂಚನ್ನು ಉಜ್ಜಿ ನೇರ ಮಾಡಬೇಕು. ಬೇಜಾರಿನ ಕೆಲಸ. ಎರಡು ಬೋರ್ಡ್ ಒಂದೇ 38 ಎಂಎಂ ಪಟ್ಟಿಯನ್ನು ಹಂಚಿಕೊಳ್ಳುತ್ತವೆ, ಒಂದೊಂದಕ್ಕೆ 19. ಸ್ಕ್ರೂ ಅಂಚಿನಿಂದ ಕನಿಷ್ಠ 10 ಎಂಎಂ ಒಳಗಿರಬೇಕು. ಕೈ ಸ್ವಲ್ಪ ಓರೆಯಾದರೆ ಅಂಚು ಒಡೆಯುತ್ತದೆ. ತುದಿಯ ನಿಂತ ಜಾಯಿಂಟುಗಳನ್ನು ಒಂದರ ಕೆಳಗೆ ಒಂದು ಬರದ ಹಾಗೆ ಸರಿಸಿದೆವು.

ಸ್ಕ್ರೂ ಅಡ್ಡಕ್ಕೆ ಒಂದು ಪಟ್ಟಿ ಬಿಟ್ಟು ಒಂದು, ಅಂದರೆ 400 ಎಂಎಂಗೆ. ಎತ್ತರಕ್ಕೆ 300ಕ್ಕೆ. ಡ್ರಿಲ್ಲಿನ ಕ್ಲಚ್ ಕಡಿಮೆ ಇಡಿ. ಮರದ ಹಾಗಲ್ಲ, ಪ್ಲಾಸ್ಟಿಕ್‌ನಲ್ಲಿ ಒಮ್ಮೆ ಜಾಸ್ತಿ ತಿರುಗಿದರೆ ಆ ತೂತು ಮುಗಿಯಿತು. 40 ಎಂಎಂ ಮೇಲೆ ಹೊಸದು ಹೊಡೆಯಿರಿ. ಎರಡು ಫಾರ್ಮ್ ಸೇರುವ ಅಡ್ಡ ಗೆರೆಯ ಹತ್ತಿರ ನಮ್ಮದರಲ್ಲಿ ಪಟ್ಟಿ ಇಲ್ಲ, ಅಲ್ಲೂ ಸ್ಕ್ರೂ ಹಿಡಿಯುವುದಿಲ್ಲ.

ಆಮೇಲೆ ಪಟ್ಟಿ ಹುಡುಕುವುದು ಹೇಗೆ? ಪ್ಲಾಸ್ಟಿಕ್ ಆದ್ದರಿಂದ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಆದರೆ ಬೋರ್ಡಿನ ಸ್ಕ್ರೂ ತಲೆಗಳು ಸಿಗುತ್ತವೆ. ಹಳೆ ಸ್ಪೀಕರಿನ ಅಯಸ್ಕಾಂತ ಗೋಡೆಯ ಮೇಲೆ ಆಡಿಸಿದರೆ ಸಾಲು ಗೊತ್ತಾಗುತ್ತದೆ. ಅಪ್ಪನಿಗೆ ಇದನ್ನು ಕೊಟ್ಟ ಮೇಲೆ ಕ್ಯಾಲೆಂಡರಿನ ಜಗಳ ಮುಗಿದಿದೆ.

ಕೆಳಗಿನ ಎರಡಡಿ

ಗೋಡೆಯ ಎತ್ತರ 3000. ಎರಡು ಬೋರ್ಡ್ ಅಡ್ಡ ಹಾಕಿದರೆ 2440. ಉಳಿದದ್ದು 560. ಅಲ್ಲಿ ಜಿಪ್ಸಂ ಹಾಕಲಿಲ್ಲ, 12 ಎಂಎಂ ಸಿಮೆಂಟ್ ಬೋರ್ಡ್ ಹಾಕಿದೆವು. ಹಸಿರು ಬೋರ್ಡ್ ತೇವದ ಗಾಳಿ ತಡೆಯುತ್ತದೆ, ನಿಂತ ನೀರನ್ನಲ್ಲ. ನೆಲ ಒರೆಸಿದ ನೀರು ದಿನಾ ತಾಗಿದರೆ ಬುಡ ಉಬ್ಬುತ್ತದೆ. ಸಿಮೆಂಟ್ ಬೋರ್ಡನ್ನೂ ನೆಲದಿಂದ 12 ಎಂಎಂ ಎತ್ತಿ ಹಾಕಿ, ಸಂದಿಗೆ ಸೀಲಂಟ್ ಕೊಟ್ಟಿದ್ದೇನೆ. ಮುಚ್ಚುವ ಮೊದಲು ಬುಡದ ಥರ್ಮಾಕೋಲನ್ನು ಟಾರ್ಚ್ ಹಿಡಿದು ನೋಡಿದೆವು. ಗೆದ್ದಲು ಥರ್ಮಾಕೋಲನ್ನು ತಿನ್ನುವುದಿಲ್ಲ, ಆದರೆ ಅದರೊಳಗೆ ದಾರಿ ಕೊರೆದು ಮರಕ್ಕೆ ಹೋಗುತ್ತದೆ.

ಸಿಮೆಂಟ್ ಬೋರ್ಡಿಗೆ ಮೊದಲು ತೂತು ಕೊರೆದು, ಸ್ಕ್ರೂ ತಲೆ ಕೂರುವಷ್ಟು ಅಗಲ ಮಾಡಬೇಕು. ಇಲ್ಲದಿದ್ದರೆ ತಲೆ ಹೊರಗೇ ನಿಲ್ಲುತ್ತದೆ, ಇಲ್ಲವೇ ಮುರಿಯುತ್ತದೆ. ಕತ್ತರಿಸುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಗಳದಲ್ಲಿ ನೀರು ಬಿಟ್ಟುಕೊಂಡು ಕತ್ತರಿಸಿದೆವು.

ಜಿಪ್ಸಂ ಮತ್ತು ಸಿಮೆಂಟ್ ಬೋರ್ಡ್ ಸೇರುವ ಗೆರೆಯನ್ನು ಟೇಪ್ ಹಾಕಿ ಮುಚ್ಚಿದ್ದು ಉಪಯೋಗವಾಗಲಿಲ್ಲ. ಎರಡೂ ಒಂದೇ ರೀತಿ ಹಿಗ್ಗುವುದಿಲ್ಲ. ಹಾಲಿನಲ್ಲಿ ಉದ್ದಕ್ಕೂ ಕೂದಲೆಳೆಯ ಬಿರುಕು. ಮತ್ತೆ ಟೇಪ್ ಹಾಕಿದೆ, ಮತ್ತೆ ಬಂತು. ಕೊನೆಗೆ ಆ ಗೆರೆಯ ಮೇಲೆ ಹಲಸಿನ ಮರದ 50 ಎಂಎಂ ಬೀಡಿಂಗ್ ಹೊಡೆದೆವು. ಮೊದಲೇ ಅದನ್ನೇ ಮಾಡಬೇಕಿತ್ತು. ಈಗ ನೋಡಿದವರು ಡಿಸೈನ್ ಅಂದುಕೊಳ್ಳುತ್ತಾರೆ.

ಕಿಟಕಿ, ಮೂಲೆ, ಜಾಯಿಂಟ್

ಕಿಟಕಿಯ ಸುತ್ತ ಫಾರ್ಮ್ ಕತ್ತರಿಸಿದ ಕಡೆ ಪಟ್ಟಿ ಇರುವುದಿಲ್ಲ. ಅಲ್ಲಿ ಪಿಯು ಫೋಮನ್ನೇ ಅಂಟಾಗಿ ಹಚ್ಚಿ, ಬೋರ್ಡನ್ನು ಹಲಗೆ ಊರಿ ಒತ್ತಿಟ್ಟೆವು. ಗಟ್ಟಿ ಹಿಡಿದಿದೆ. ಮೇಲೆ ಸ್ಲ್ಯಾಬಿನ ಹತ್ತಿರ 6 ಎಂಎಂ ಬಿಟ್ಟು ಅಕ್ರಿಲಿಕ್ ಸೀಲಂಟ್.

ಜಾಯಿಂಟಿಗೆ ಪೇಪರ್ ಟೇಪ್. ಅಡಿಗೆ ಕಾಂಪೌಂಡ್ ಕಡಿಮೆಯಾದ ಕಡೆ ಗುಳ್ಳೆ ಎದ್ದಿತು, ಕೊಯ್ದು ತೆಗೆದು ಮತ್ತೆ ಹಾಕಿದೆ. ಉದ್ದದ ಅಂಚುಗಳು ತೆಳ್ಳಗೆ ಇಳಿದಿರುವುದರಿಂದ ಸುಲಭ. ನಾವು ಕೊಯ್ದ ತುದಿಗಳು ಹಾಗಲ್ಲ, ಅಲ್ಲಿ ಕಾಂಪೌಂಡನ್ನು ಒಂದೊಂದು ಬದಿಗೆ 200 ಎಂಎಂವರೆಗೆ ಎಳೆದು ತೆಳು ಮಾಡಬೇಕು.

ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಹಾಕಿ, ತೇವ ಬರುವುದಿಲ್ಲ ಅಂತ ಹೇಳುವವರು ಇರುತ್ತಾರೆ. ಬೇಡ. ಚಳಿ ದೇಶದಲ್ಲಿ ಒಳಗಿನ ತೇವ ಹೊರಗೆ ಹೋಗುತ್ತದೆ, ಅಲ್ಲಿ ಅದು ಸರಿ. ನಮ್ಮಲ್ಲಿ ಎಸಿ ಹಾಕಿದರೆ ಹೊರಗಿನ ತೇವವೇ ಒಳಗೆ ಬರುವುದು. ಹಾಳೆ ಇದ್ದರೆ ಅದರ ಹಿಂದೆ ನಿಂತು ಬೂಷ್ಟಾಗುತ್ತದೆ. ಅದೇ ಕಾರಣಕ್ಕೆ ಈ ಗೋಡೆಗಳಿಗೆ ವಿನೈಲ್ ವಾಲ್‌ಪೇಪರ್ ಕೂಡ ಬೇಡ.

ಖರ್ಚು

ಹಸಿರು ಬೋರ್ಡ್ 34, ಒಂದಕ್ಕೆ 1,050ರಂತೆ 35,700 ರೂ. ಸಿಮೆಂಟ್ ಬೋರ್ಡ್ 9, ಒಂದಕ್ಕೆ 1,500ರಂತೆ 13,500. ಮರೀನ್ ಪ್ಲೈ ಎರಡು ಶೀಟ್ 6,600. ಪಿಯು ಫೋಮ್ 8 ಕ್ಯಾನ್ 3,600. ಕಾಂಪೌಂಡ್ 4 ಚೀಲ 3,400. ಸ್ಕ್ರೂ ಎರಡು ಸಾವಿರ 2,200. ಸೀಲಂಟ್ 1,100, ಆಂಕರ್ 900, ಟೇಪ್ 540. ಸಾಮಾನು ಒಟ್ಟು 67,540. ಕೂಲಿ 19,800. ಸೇರಿದರೆ 87,340 ರೂ. ರೀಪು ಮತ್ತು ಹಲಸಿನ ಬೀಡಿಂಗ್ ಹಳೆ ಮನೆಯ ಮರದಿಂದ, ಅದಕ್ಕೆ ದುಡ್ಡು ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಹಾಳಾದದ್ದು ಈ ಲೆಕ್ಕದಲ್ಲಿಲ್ಲ.

ಬಚ್ಚಲಿಗೆ ಜಿಪ್ಸಂ ಹಾಕುವುದಿಲ್ಲ. ನೆಲದಿಂದ ಮೇಲಿನವರೆಗೂ ಸಿಮೆಂಟ್ ಬೋರ್ಡ್, ಮೇಲೆ ವಾಟರ್‌ಪ್ರೂಫಿಂಗ್, ಆಮೇಲೆ ಟೈಲ್ಸ್. ಟೈಲ್ಸಿನ ತೂಕಕ್ಕೆ ಸ್ಕ್ರೂಗಳನ್ನು ಪ್ರತಿ ಪಟ್ಟಿಗೂ, 200ಕ್ಕೆ ಒಂದರಂತೆ ಹೊಡೆಯಬೇಕು ಅಂತಿದ್ದೇನೆ. 41ರ ಸ್ಕ್ರೂ ನಾನೂರು ಚಿಲ್ಲರೆ ಉಳಿದಿದೆ, ಸಾಲದು. ಮತ್ತೆ ಬಂದರಿಗೆ ಹೋಗಬೇಕು.